ಹೆಸರುಫಲಕ ಮತ್ತು ರಚನೆಯ ಸಾಕ್ಷ್ಯ: ಹಳೆಯ ವಾಲ್ವ್ ಗಿಟಾರ್ ಆಂಪ್ಲಿಫೈಯರ್‌ಗಳ ಆವೃತ್ತಿ ನಿರ್ಣಯ

ಇಂಗ್ಲೆಂಡಿನ ಮಾರ್ಷಲ್ ಸಂಸ್ಥೆಯ ಗಿಟಾರ್ ಆಂಪ್ಲಿಫೈಯರ್‌ಗಳಲ್ಲಿ 1959, 1962 ಮತ್ತು 1987 ಎಂಬ ಸಂಖ್ಯೆಗಳನ್ನು ಹೊತ್ತ ಮೂರು ಮಾದರಿಗಳಿವೆ. ಮೊದಲ ನೋಟಕ್ಕೆ ಇವು ತಯಾರಿಕೆಯ ಇಸವಿಗಳಂತೆ ತೋರುತ್ತವೆ. ವಾಸ್ತವವಾಗಿ ಇವು ಮಾರಾಟದ ಪಟ್ಟಿಯ ಮಾದರಿಸಂಖ್ಯೆಗಳು. ಮೂರೂ ಮಾದರಿಗಳು ಬಳಕೆಗೆ ಬಂದದ್ದು 1960ರ ದಶಕದ ನಡುಭಾಗದಲ್ಲಿ. 1959ರಲ್ಲಿ ಮಾರ್ಷಲ್ ಹೆಸರಿನ ಆಂಪ್ಲಿಫೈಯರೇ ಇರಲಿಲ್ಲ. ಆ ಹೆಸರಿನ ಮೊದಲ ಯಂತ್ರ ಮಾರಾಟಕ್ಕೆ ಬಂದದ್ದು 1962ರಲ್ಲಿ. ವಸ್ತುವಿನ ಮೇಲೆ ಅಚ್ಚಾಗಿರುವ ಸಂಖ್ಯೆಯನ್ನು ಅದರ ಕಾಲವೆಂದು ತಿಳಿದವರು ಹೀಗೆ ಮೊದಲ ಹೆಜ್ಜೆಯಲ್ಲಿಯೇ ಎಡವುತ್ತಾರೆ.

ಶಾಸನಾಧ್ಯಯನದ ಪರಿಚಯವುಳ್ಳ ಕನ್ನಡ ಓದುಗರಿಗೆ ಈ ಸಮಸ್ಯೆ ಹೊಸದಲ್ಲ. ಗಂಗರ ತಾಮ್ರಪಟಗಳ ವಿಷಯದಲ್ಲಿ ಜೆ. ಎಫ್. ಫ್ಲೀಟ್ ಮತ್ತು ಬಿ. ಎಲ್. ರೈಸ್ ಅವರ ನಡುವೆ ನಡೆದ ವಾದದ ತಿರುಳು ಇದೇ ಆಗಿತ್ತು. ಪಟವು ತಾನೇ ಹೇಳಿಕೊಳ್ಳುವ ಕಾಲವನ್ನು ನಂಬಬೇಕೆ, ಅಥವಾ ಅದರ ಲಿಪಿ, ಭಾಷೆ ಮತ್ತು ರಚನೆ ಹೇಳುವ ಕಾಲವನ್ನು ನಂಬಬೇಕೆ? ವಾಲ್ವ್ ಆಂಪ್ಲಿಫೈಯರ್‌ಗಳ ಇತಿಹಾಸದಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ಅಮೆರಿಕದ ಫೆಂಡರ್ ಮತ್ತು ಇಂಗ್ಲೆಂಡಿನ ಮಾರ್ಷಲ್ ಸಂಸ್ಥೆಗಳು 1952ರಿಂದ 1974ರವರೆಗಿನ ಅವಧಿಯಲ್ಲಿ ತಯಾರಿಸಿದ ಕೆಲವು ಯಂತ್ರಗಳನ್ನು ಆಧಾರವಾಗಿಟ್ಟುಕೊಂಡು, ಒಂದು ಆವೃತ್ತಿಯನ್ನು ಮತ್ತೊಂದರಿಂದ ಬೇರ್ಪಡಿಸುವಲ್ಲಿ ಯಾವ ಸಾಕ್ಷ್ಯಕ್ಕೆ ಎಷ್ಟು ತೂಕ ಕೊಡಬೇಕೆಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಹೆಸರು, ಬಣ್ಣ ಮತ್ತು ಸಂಖ್ಯೆಗಳು ದುರ್ಬಲ ಸಾಕ್ಷ್ಯಗಳು. ಕಳಚಿ ಬದಲಿಸಲು ಕಷ್ಟವಾದ ಅಂಗಗಳೇ ಪ್ರಬಲ ಸಾಕ್ಷ್ಯಗಳು ಎಂಬುದು ಇಲ್ಲಿಯ ನಿಲುವು.

ಯಂತ್ರದ ಅಂಗಗಳು ಮತ್ತು ಸಾಕ್ಷ್ಯದ ತರತಮ

ಗಿಟಾರಿನ ತಂತಿಗಳ ಕೆಳಗಿರುವ ಅಯಸ್ಕಾಂತದ ಸುರುಳಿಯಿಂದ ಹೊರಡುವ ವಿದ್ಯುತ್ ಸಂಕೇತವು ಬಹಳ ಕ್ಷೀಣವಾದದ್ದು. ಅದನ್ನು ಮೊದಲು ಸಣ್ಣ ವಾಲ್ವ್‌ಗಳು ಹಿಗ್ಗಿಸುತ್ತವೆ. ಮಂದ್ರ, ಮಧ್ಯ, ತಾರ ನಾದಗಳನ್ನು ಏರಿಸಿ ಇಳಿಸುವ ನಿಯಂತ್ರಣ ಭಾಗವನ್ನು ದಾಟಿದ ಮೇಲೆ ಸಂಕೇತವು ಎರಡು ದೊಡ್ಡ ವಾಲ್ವ್‌ಗಳನ್ನು ಸೇರಿ ಶಕ್ತಿ ಪಡೆಯುತ್ತದೆ. ಅಲ್ಲಿಂದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮೂಲಕ ಸ್ಪೀಕರಿಗೆ ತಲುಪುತ್ತದೆ. ಈ ವಾಲ್ವ್‌ಗಳಿಗೆ ಬೇಕಾದ, 400 ವೋಲ್ಟ್‌ಗೂ ಮಿಕ್ಕ ಏಕಮುಖ ವಿದ್ಯುತ್ತನ್ನು ಮತ್ತೊಂದು ಟ್ರಾನ್ಸ್‌ಫಾರ್ಮರ್ ಮತ್ತು ರೆಕ್ಟಿಫೈಯರ್ ಒದಗಿಸುತ್ತವೆ. ಇವೆಲ್ಲವೂ ಚಾಸಿ ಎಂಬ ಲೋಹದ ತಳಪೆಟ್ಟಿಗೆಯ ಮೇಲೆ ಕೂರುತ್ತವೆ. ಚಾಸಿಯನ್ನು ಮರದ ಪೆಟ್ಟಿಗೆಯೊಂದು ಧರಿಸುತ್ತದೆ.

ಕಾಲನಿರ್ಣಯದ ದೃಷ್ಟಿಯಿಂದ ಈ ಅಂಗಗಳನ್ನು ನಾಲ್ಕು ಸ್ತರಗಳಾಗಿ ವಿಂಗಡಿಸಬಹುದು. ಮೊದಲನೆಯದು ಹೊರಗಿನ ಹೆಸರುಫಲಕ, ಬಟ್ಟೆ, ಗುಂಡಿಗಳು. ಇವನ್ನು ಯಾರು ಬೇಕಾದರೂ ಒಂದು ಮಧ್ಯಾಹ್ನದಲ್ಲಿ ಬದಲಿಸಬಹುದು. ಎರಡನೆಯದು ವಾಲ್ವ್‌ಗಳು ಮತ್ತು ಸ್ಪೀಕರುಗಳು. ಇವು ಸವೆಯುವ ಭಾಗಗಳಾದುದರಿಂದ ಬದಲಾಗುವುದು ಸಹಜ. ಮೂರನೆಯದು ಬೆಸುಗೆ ಹಾಕಿದ ಬಿಡಿಭಾಗಗಳು: ರೋಧಕಗಳು, ಕೆಪಾಸಿಟರುಗಳು, ತಿರುಗುಗುಂಡಿಗಳ ಹಿಂದಿನ ಪೊಟೆನ್ಶಿಯೋಮೀಟರುಗಳು, ಟ್ರಾನ್ಸ್‌ಫಾರ್ಮರುಗಳು. ನಾಲ್ಕನೆಯದು ಚಾಸಿಯ ಲೋಹ, ಅದರಲ್ಲಿ ಕೊರೆದ ರಂಧ್ರಗಳು, ಬಿಡಿಭಾಗಗಳನ್ನು ಹೊತ್ತ ಹಲಗೆ ಮತ್ತು ಮರಪೆಟ್ಟಿಗೆಯ ಮೂಲೆಗಳ ಕಚ್ಚುಜೋಡಣೆ. ಕೊರೆದ ರಂಧ್ರವನ್ನು ಗುರುತು ಉಳಿಯದಂತೆ ಮುಚ್ಚುವುದು ಸುಲಭವಲ್ಲ. ಮೊದಲನೆಯ ಸ್ತರದಿಂದ ನಾಲ್ಕನೆಯದರ ಕಡೆಗೆ ಸಾಗಿದಂತೆ ಸಾಕ್ಷ್ಯದ ಬಲ ಹೆಚ್ಚುತ್ತದೆ.

ವಾಲ್ವ್‌ಗಳ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಒಂದೇ ವಾಲ್ವ್‌ಗೆ ಅಮೆರಿಕದಲ್ಲಿ 12ಎಎಕ್ಸ್7 ಎಂದೂ ಯೂರೋಪಿನಲ್ಲಿ ಇಸಿಸಿ83 ಎಂದೂ ಹೆಸರಿದೆ. ಬೇರೆ ಬೇರೆ ದೇಶಗಳ ಕಾರ್ಖಾನೆಗಳು ಇದನ್ನು ತಯಾರಿಸಿವೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ 1961ರಲ್ಲಿ ರೇಡಿಯೋ ವಾಲ್ವ್‌ಗಳ ತಯಾರಿಕೆಯನ್ನು ಆರಂಭಿಸಿತ್ತು. ಹಳೆಯ ಯಂತ್ರವೊಂದರಲ್ಲಿ ಬೆಂಗಳೂರಿನ ವಾಲ್ವ್ ಕಂಡರೆ ಅದು ಆ ಯಂತ್ರದ ಬಳಕೆಯ ಚರಿತ್ರೆಗೆ ಸಾಕ್ಷಿಯಾದೀತೇ ಹೊರತು ಹುಟ್ಟಿನ ಚರಿತ್ರೆಗಲ್ಲ. ಆದರೆ ವಾಲ್ವ್ ಕೂರುವ ಸಾಕೆಟ್ಟಿನ ಮಾತು ಬೇರೆ. 1950ರ ದಶಕದ ಮೊದಲ ವರ್ಷಗಳ ಫೆಂಡರ್ ಯಂತ್ರಗಳ ಮೊದಲ ಹಂತದಲ್ಲಿ ಎಂಟು ಕಾಲುಗಳ ದೊಡ್ಡ ಬುಡದ ವಾಲ್ವ್‌ಗಳಿದ್ದವು. ದಶಕದ ನಡುವಿಗೆ ಅವುಗಳ ಸ್ಥಾನದಲ್ಲಿ ಒಂಬತ್ತು ಕಾಲುಗಳ ಚಿಕ್ಕ ವಾಲ್ವ್‌ಗಳು ಬಂದವು. ಎರಡಕ್ಕೂ ಬೇಕಾದ ರಂಧ್ರದ ವ್ಯಾಸ ಬೇರೆ. ವಾಲ್ವನ್ನು ಕಿತ್ತು ಹಾಕಿದರೂ ರಂಧ್ರ ತನ್ನ ಕಾಲವನ್ನು ಹೇಳುತ್ತದೆ.

ಬಾಸ್‌ಮನ್: ಒಂದು ಹೆಸರು, ಹಲವು ಪಾಠಗಳು

ಲಿಯೋ ಫೆಂಡರ್ 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್ ಪಟ್ಟಣದಲ್ಲಿ ರೇಡಿಯೋ ದುರಸ್ತಿಯ ಅಂಗಡಿ ತೆರೆದವರು. 1946ರಲ್ಲಿ ಫೆಂಡರ್ ಎಲೆಕ್ಟ್ರಿಕ್ ಇನ್‌ಸ್ಟ್ರುಮೆಂಟ್ ಕಂಪನಿಯನ್ನು ಸ್ಥಾಪಿಸಿದರು. 1951ರಲ್ಲಿ ಅವರ ಪ್ರಿಸಿಷನ್ ಬಾಸ್ ಎಂಬ ವಿದ್ಯುತ್ ಬಾಸ್ ಗಿಟಾರ್ ಹೊರಬಂದಿತು. ಅದಕ್ಕೆ ಜೊತೆಯಾಗಿ 1952ರಲ್ಲಿ ಬಾಸ್‌ಮನ್ ಎಂಬ ಆಂಪ್ಲಿಫೈಯರ್ ಬಂದಿತು. ಅದರಲ್ಲಿ 15 ಅಂಗುಲದ ಒಂದೇ ಸ್ಪೀಕರ್ ಇತ್ತು. 1954ರ ಕೊನೆಯ ಹೊತ್ತಿಗೆ ಅದರ ಬದಲು 10 ಅಂಗುಲದ ನಾಲ್ಕು ಸ್ಪೀಕರುಗಳ ರೂಪ ಬಂದಿತು. ಮುಂದೆ 1960ರವರೆಗೆ ಹೊರನೋಟ ಹೆಚ್ಚು ಬದಲಾಗದಿದ್ದರೂ ಒಳಗಿನ ವಿದ್ಯುನ್ಮಂಡಲ ಮತ್ತೆ ಮತ್ತೆ ತಿದ್ದುಪಡಿಗೆ ಒಳಗಾಯಿತು.

ಈ ತಿದ್ದುಪಡಿಗಳಿಗೆ ಸಂಸ್ಥೆಯೇ ಸಂಕೇತಗಳನ್ನು ಕೊಟ್ಟಿತ್ತು. 5ಡಿ6, 5ಇ6, 5ಎಫ್6, 5ಎಫ್6-ಎ ಎಂಬ ಸಂಕೇತಗಳಲ್ಲಿ ಮೊದಲ ಅಂಕಿ ದಶಕವನ್ನೂ ನಡುವಿನ ಅಕ್ಷರ ಮಂಡಲದ ಪರಿಷ್ಕರಣವನ್ನೂ ಕೊನೆಯ ಅಂಕಿ ಮಾದರಿಯನ್ನೂ ಸೂಚಿಸುತ್ತವೆ. ಹಸ್ತಪ್ರತಿಗಳ ಪರಿಭಾಷೆಯಲ್ಲಿ ಹೇಳುವುದಾದರೆ ಬಾಸ್‌ಮನ್ ಎಂಬುದು ಕೃತಿ, 5ಎಫ್6-ಎ ಎಂಬುದು ಒಂದು ಪಾಠ, ನಮ್ಮ ಮುಂದಿರುವ ಪೆಟ್ಟಿಗೆ ಒಂದು ಪ್ರತಿ. ಈ ಮೂರನ್ನೂ ಒಂದೇ ಎಂದು ಭಾವಿಸುವುದರಿಂದ ಬಹಳಷ್ಟು ಗೊಂದಲಗಳು ಹುಟ್ಟುತ್ತವೆ.

5ಎಫ್6 ಮತ್ತು 5ಎಫ್6-ಎ ಪಾಠಗಳನ್ನು ಬೇರ್ಪಡಿಸುವ ಬಗೆಯನ್ನು ನೋಡಬಹುದು. 5ಇ6ರಲ್ಲಿ 5ಯು4 ಎಂಬ ಎರಡು ರೆಕ್ಟಿಫೈಯರ್ ವಾಲ್ವ್‌ಗಳಿದ್ದವು. 5ಎಫ್6ರಲ್ಲಿ ಅವುಗಳ ಬದಲು 83 ಎಂಬ, ಪಾದರಸದ ಆವಿ ತುಂಬಿದ ಒಂದೇ ವಾಲ್ವ್ ಬಂದಿತು. ಇದೇ ಪಾಠದಲ್ಲಿ ಮಧ್ಯನಾದದ ನಿಯಂತ್ರಣವೂ ನಾಲ್ಕು ಇನ್‌ಪುಟ್‌ಗಳೂ ಸೇರಿದವು. 1958ರ ಸುಮಾರಿಗೆ ಬಂದ 5ಎಫ್6-ಎ ಪಾಠದಲ್ಲಿ 83ರ ಸ್ಥಾನವನ್ನು ಜಿಝಡ್34 ಪಡೆಯಿತು. 83 ವಾಲ್ವ್‌ಗೆ ನಾಲ್ಕು ಕಾಲುಗಳ ಬುಡ. ಜಿಝಡ್34ಕ್ಕೆ ಎಂಟು ಕಾಲುಗಳಿಗೆ ಏರ್ಪಡಿಸಿದ ಬುಡ. ಆದುದರಿಂದ ಸಾಕೆಟ್ಟನ್ನೇ ಬದಲಿಸದೆ ಒಂದು ಪಾಠವನ್ನು ಮತ್ತೊಂದಾಗಿ ತಿದ್ದಲು ಬಾರದು. ಪೆಟ್ಟಿಗೆಯೊಳಗಿನ ಚೀಟಿ ಏನೇ ಹೇಳಲಿ, ಸಾಕೆಟ್ಟಿನ ಸುತ್ತಲಿನ ತಿರುಪುಗಳು ಮೂಲದವೇ, ಅಲ್ಲಿಗೆ ಬಂದ ತಂತಿಗಳ ಬೆಸುಗೆ ಒಮ್ಮೆ ಮಾತ್ರ ಕರಗಿದೆಯೇ ಎಂಬುದನ್ನು ಪರಿಶೀಲಿಸಿದರೆ ಪಾಠ ಸ್ಪಷ್ಟವಾಗುತ್ತದೆ.

1990ರಲ್ಲಿ ಫೆಂಡರ್ ಸಂಸ್ಥೆಯೇ 1959ರ ಬಾಸ್‌ಮನ್ನನ್ನು ಮರುತಯಾರಿಸಿ ಮಾರುಕಟ್ಟೆಗೆ ತಂದಿತು. ಹೊರಬಟ್ಟೆಯೂ ಆಕಾರವೂ ಹಳೆಯದನ್ನೇ ಅನುಸರಿಸಿದ್ದವು. ಒಳಗೆ ಮಾತ್ರ ಮುದ್ರಿತ ಮಂಡಲದ ಫಲಕವಿತ್ತು. 1950ರ ದಶಕದ ಯಂತ್ರದಲ್ಲಿ ಮೇಣ ಹಚ್ಚಿದ ನಾರುಹಲಗೆ, ಅದರಲ್ಲಿ ಲೋಹದ ಕಣ್ಣುಗಳು, ಆ ಕಣ್ಣುಗಳಲ್ಲಿ ಕೈಯಿಂದ ಬೆಸೆದ ಬಿಡಿಭಾಗಗಳು, ಬಟ್ಟೆ ಸುತ್ತಿದ ತಂತಿಗಳು ಇರುತ್ತವೆ. ಪ್ರಾಮಾಣಿಕವಾದ ಮರುಮುದ್ರಣವೊಂದಕ್ಕೂ ಮೂಲಪ್ರತಿಗೂ ಇರುವ ಅಂತರ ಇದು. ಇದನ್ನು ಗುರುತಿಸಲು ಚಾಸಿಯನ್ನು ಒಮ್ಮೆ ಹೊರತೆಗೆದು ನೋಡಿದರೆ ಸಾಕು.

ಬಿಡಿಭಾಗಗಳ ಅಂಕಿಗಳನ್ನು ಓದುವ ಕ್ರಮ

1950 ಮತ್ತು 60ರ ದಶಕಗಳ ಹೆಚ್ಚಿನ ಫೆಂಡರ್ ಪೆಟ್ಟಿಗೆಗಳ ಒಳಗೋಡೆಗೆ ವಾಲ್ವ್‌ಗಳ ಸ್ಥಾನ ತೋರಿಸುವ ಚೀಟಿಯನ್ನು ಅಂಟಿಸುತ್ತಿದ್ದರು. ಅದರ ಮೇಲೆ ಎರಡು ಅಕ್ಷರಗಳ ಮುದ್ರೆ ಇರುವುದುಂಟು. ಮೊದಲ ಅಕ್ಷರ ವರ್ಷದ್ದು. ಇಂಗ್ಲಿಷ್ ವರ್ಣಮಾಲೆಯ ಎ ಎಂದರೆ 1951. ಎರಡನೆಯದು ತಿಂಗಳದ್ದು, ಎ ಎಂದರೆ ಜನವರಿ. ಹೀಗಾಗಿ ‘ಐಸಿ’ ಎಂಬ ಮುದ್ರೆ 1959ರ ಮಾರ್ಚ್ ತಿಂಗಳನ್ನು ಸೂಚಿಸುತ್ತದೆ.

ಇದಕ್ಕಿಂತ ವ್ಯಾಪಕವಾದದ್ದು ಅಮೆರಿಕದ ಬಿಡಿಭಾಗ ತಯಾರಕರು ಅನುಸರಿಸಿದ ಸಂಕೇತ. ಅದರ ಮೊದಲ ಮೂರು ಅಂಕಿಗಳು ತಯಾರಕರನ್ನೂ ಉಳಿದವು ವರ್ಷ ಮತ್ತು ವಾರವನ್ನೂ ಹೇಳುತ್ತವೆ. 137 ಎಂದರೆ ಸಿಟಿಎಸ್, 304 ಎಂದರೆ ಸ್ಟ್ಯಾಕ್‌ಪೋಲ್. ಇವು ಪೊಟೆನ್ಶಿಯೋಮೀಟರುಗಳ ಮೇಲೆ ಕಾಣುತ್ತವೆ. 220 ಎಂದರೆ ಜೆನ್ಸೆನ್ ಸ್ಪೀಕರ್. 606 ಎಂದರೆ ಶೂಮಾಕರ್ ಟ್ರಾನ್ಸ್‌ಫಾರ್ಮರ್. 1376412 ಎಂಬ ಸಂಖ್ಯೆಯನ್ನು ಸಿಟಿಎಸ್, 1964ರ 12ನೆಯ ವಾರ ಎಂದು ಓದಬೇಕು. ಹಳೆಯ ಭಾಗಗಳಲ್ಲಿ ವರ್ಷಕ್ಕೆ ಒಂದೇ ಅಂಕಿ ಇರುವುದರಿಂದ 220935 ಎಂಬುದು 1949, 1959, 1969 ಇವುಗಳಲ್ಲಿ ಯಾವ ವರ್ಷದ 35ನೆಯ ವಾರವೂ ಆಗಬಹುದು. ದಶಕವನ್ನು ಸ್ಪೀಕರಿನ ಮಾದರಿಯಿಂದಲೇ ನಿರ್ಧರಿಸಬೇಕು.

ಈ ಅಂಕಿಗಳು ಹೇಳುವುದು ಬಿಡಿಭಾಗ ತಯಾರಾದ ಕಾಲವನ್ನೇ ಹೊರತು ಯಂತ್ರ ತಯಾರಾದ ಕಾಲವನ್ನಲ್ಲ. ಕಾರ್ಖಾನೆಗಳು ಬಿಡಿಭಾಗಗಳನ್ನು ಸಗಟಾಗಿ ಕೊಂಡು ಗೋದಾಮಿನಲ್ಲಿಡುತ್ತವೆ. ಹೀಗಾಗಿ ಯಂತ್ರವು ತನ್ನ ಮೂಲ ಬಿಡಿಭಾಗಗಳಲ್ಲಿ ಅತಿ ಈಚಿನದಕ್ಕಿಂತ ಹಿಂದೆ ಹುಟ್ಟಿರಲಾರದು ಎಂಬ ಒಂದು ಮಿತಿಯನ್ನಷ್ಟೇ ಅವುಗಳಿಂದ ಪಡೆಯಬಹುದು. ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಬಾಸ್‌ಮನ್ ಒಂದರ ಚೀಟಿಯ ಮೇಲೆ ‘ಐಸಿ’ ಮುದ್ರೆ ಇದೆ. ಸ್ಪೀಕರುಗಳ ಮೇಲೆ 220935 ಇದೆ. ಮೊದಲನೆಯದು 1959ರ ಮಾರ್ಚ್, ಎರಡನೆಯದು ಅದೇ ವರ್ಷದ ಆಗಸ್ಟ್ ಕೊನೆ. ಮಾರ್ಚಿಯಲ್ಲಿ ಮುಗಿದ ಯಂತ್ರದಲ್ಲಿ ಆಗಸ್ಟಿನ ಸ್ಪೀಕರ್ ಇರಲಾರದು. ಸ್ಪೀಕರುಗಳು ಆಮೇಲೆ ಬಂದಿರಬೇಕು, ಇಲ್ಲವೇ ಚಾಸಿಯೂ ಪೆಟ್ಟಿಗೆಯೂ ಬೇರೆ ಬೇರೆ ಯಂತ್ರಗಳವಾಗಿರಬೇಕು. ಈಗ ಟ್ರಾನ್ಸ್‌ಫಾರ್ಮರುಗಳನ್ನೂ ಪೊಟೆನ್ಶಿಯೋಮೀಟರುಗಳನ್ನೂ ನೋಡಬೇಕು. ಅವು 1958ರ ಕೊನೆಯಿಂದ 1959ರ ಆರಂಭದವರೆಗಿನವಾಗಿದ್ದು, ಚಾಸಿಯ ಬೆಸುಗೆ ಕದಡದೆ ಉಳಿದು, ಸ್ಪೀಕರಿನ ತಂತಿಗಳಲ್ಲಿ ಮಾತ್ರ ಹೊಸ ಬೆಸುಗೆ ಕಂಡರೆ ಮೊದಲ ಸಾಧ್ಯತೆ ಬಲಗೊಳ್ಳುತ್ತದೆ. ಒಂದು ಅಂಕಿಯಿಂದ ಕಾಲ ಸಿದ್ಧವಾಗುವುದಿಲ್ಲ. ಅಂಕಿಗಳ ಪರಸ್ಪರ ಹೊಂದಾಣಿಕೆಯಿಂದ ಸಿದ್ಧವಾಗುತ್ತದೆ.

ಫುಲರ್ಟನ್‌ನಿಂದ ಹ್ಯಾನ್‌ವೆಲ್‌ಗೆ

ಒಂದು ಪಾಠ ಮತ್ತೊಂದು ದೇಶದಲ್ಲಿ ಪ್ರತಿಯಾದಾಗ ಏನಾಗುತ್ತದೆ ಎಂಬುದಕ್ಕೆ ಮಾರ್ಷಲ್ ಜೆಟಿಎಂ45 ಒಳ್ಳೆಯ ನಿದರ್ಶನ. ಡ್ರಮ್ ವಾದಕರೂ ಶಿಕ್ಷಕರೂ ಆಗಿದ್ದ ಜಿಮ್ ಮಾರ್ಷಲ್ 1960ರಲ್ಲಿ ಲಂಡನ್ನಿನ ಪಶ್ಚಿಮಕ್ಕಿರುವ ಹ್ಯಾನ್‌ವೆಲ್‌ನ ಅಕ್ಸ್‌ಬ್ರಿಜ್ ರಸ್ತೆಯಲ್ಲಿ ವಾದ್ಯಗಳ ಅಂಗಡಿ ತೆರೆದರು. ಅಮೆರಿಕದ ಆಂಪ್ಲಿಫೈಯರುಗಳು ಇಂಗ್ಲೆಂಡಿನಲ್ಲಿ ದುಬಾರಿಯಾಗಿದ್ದವು. ಅಂಗಡಿಯ ದುರಸ್ತಿಗಾರ ಕೆನ್ ಬ್ರಾನ್ ಮತ್ತು ಹದಿಹರೆಯದ ತಂತ್ರಜ್ಞ ಡಡ್ಲಿ ಕ್ರೇವನ್ ಅವರು ಬಾಸ್‌ಮನ್ 5ಎಫ್6-ಎ ಮಂಡಲವನ್ನು ಆಧಾರವಾಗಿಟ್ಟುಕೊಂಡು ಹೊಸ ಯಂತ್ರವನ್ನು ಕಟ್ಟಿದರು. 1962ರಲ್ಲಿ ಅದು ಮಾರಾಟಕ್ಕೆ ಬಂದಿತು. ಜಿಮ್ ಮತ್ತು ಅವರ ಮಗ ಟೆರಿ ಮಾರ್ಷಲ್ ಅವರ ಹೆಸರುಗಳಿಂದ ಜೆಟಿಎಂ ಎಂಬ ಸಂಕ್ಷೇಪ ಬಂದಿತು.

ಎರಡು ಮಂಡಲಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದರೆ ಸಾಮ್ಯ ಅಚ್ಚರಿ ಹುಟ್ಟಿಸುವಂತಿದೆ. ಮೊದಲ ವಾಲ್ವ್‌ನ ಎರಡು ಭಾಗಗಳಿಗೂ ಸಾಮಾನ್ಯವಾದ 820 ಓಮ್ ಕ್ಯಾಥೋಡ್ ರೋಧಕ, ಅದರ ಪಕ್ಕದ 250 ಮೈಕ್ರೋಫ್ಯಾರಡ್ ಕೆಪಾಸಿಟರ್, ನಾದನಿಯಂತ್ರಣದ 56 ಕಿಲೋ-ಓಮ್ ರೋಧಕ, 27 ಕಿಲೋ-ಓಮ್ ಫೀಡ್‌ಬ್ಯಾಕ್ ರೋಧಕ, ಜಿಝಡ್34 ರೆಕ್ಟಿಫೈಯರ್ ಇವೆಲ್ಲ ಎರಡರಲ್ಲಿಯೂ ಇವೆ. ಕಾಗದದ ಮೇಲೆ ಇವು ಒಂದೇ ಪಾಠದ ಎರಡು ಪ್ರತಿಗಳು.

ರಚನೆಯನ್ನು ನೋಡಿದಾಗ ವ್ಯತ್ಯಾಸಗಳು ಕಾಣಿಸುತ್ತವೆ. ಫೆಂಡರ್ ಯಂತ್ರದ ಮೊದಲ ವಾಲ್ವ್ 12ಎವೈ7. ಅದರ ವರ್ಧನಾಂಕ ಸುಮಾರು 44. ಮಾರ್ಷಲ್ ಯಂತ್ರದಲ್ಲಿ ಆ ಸ್ಥಾನದಲ್ಲಿರುವುದು ಇಸಿಸಿ83. ಅದರ ವರ್ಧನಾಂಕ 100. ಫೆಂಡರ್‌ನ ಶಕ್ತಿವಾಲ್ವ್‌ಗಳು 5881. ಮೊದಲ ಮಾರ್ಷಲ್‌ಗಳಲ್ಲಿಯೂ ಅವೇ ಇದ್ದು, ಬೇಗನೆ ಇಂಗ್ಲೆಂಡಿನಲ್ಲಿಯೇ ದೊರೆಯುತ್ತಿದ್ದ ಕೆಟಿ66 ರೂಢಿಗೆ ಬಂದಿತು. ಫೆಂಡರ್ ಚಾಸಿ ಉಕ್ಕಿನದು. ಮೊದಲ ಜೆಟಿಎಂ45ಗಳ ಚಾಸಿ ಅಲ್ಯುಮಿನಿಯಮ್‌ನದು. ಫೆಂಡರ್‌ನ ಹಲಗೆಯಲ್ಲಿ ಕಣ್ಣುಗಳಿದ್ದರೆ, ಮಾರ್ಷಲ್ ಯಂತ್ರಗಳ ಹಲಗೆಯಲ್ಲಿ ಬಿಡಿಭಾಗಗಳನ್ನು ಬೆಸೆಯಲು ಎದ್ದು ನಿಂತ ಸಣ್ಣ ಲೋಹದ ಗೂಟಗಳು ರೂಢಿಗೆ ಬಂದವು. ಬಾಸ್‌ಮನ್ ತನ್ನ ನಾಲ್ಕು 10 ಅಂಗುಲದ ಜೆನ್ಸೆನ್ ಸ್ಪೀಕರುಗಳನ್ನು ಹಿಂಬದಿ ತೆರೆದ ಒಂದೇ ಪೆಟ್ಟಿಗೆಯಲ್ಲಿ ಹೊತ್ತಿತ್ತು. ಮಾರ್ಷಲ್ ಯಂತ್ರದ ಚಾಸಿ ಪ್ರತ್ಯೇಕ ಪೆಟ್ಟಿಗೆಯಲ್ಲಿದ್ದು, ನಾಲ್ಕು 12 ಅಂಗುಲದ ಸೆಲೆಶನ್ ಸ್ಪೀಕರುಗಳು ಹಿಂಬದಿ ಮುಚ್ಚಿದ ಬೇರೆ ಪೆಟ್ಟಿಗೆಯಲ್ಲಿದ್ದವು.

ಫೀಡ್‌ಬ್ಯಾಕ್ ರೋಧಕದ ವಿಷಯ ಇಲ್ಲಿ ಬಹಳ ಗಮನಾರ್ಹ. ಹೊರಬರುವ ಸಂಕೇತದ ಸ್ವಲ್ಪ ಭಾಗವನ್ನು ಹಿಂದಿನ ಹಂತಕ್ಕೆ ವಿರುದ್ಧವಾಗಿ ಸೇರಿಸಿ ಧ್ವನಿಯನ್ನು ಹದಗೊಳಿಸುವುದು ಇದರ ಕೆಲಸ. ಎರಡು ಯಂತ್ರಗಳಲ್ಲಿಯೂ ಇದರ ಬೆಲೆ 27 ಕಿಲೋ-ಓಮ್. ಆದರೆ ಬಾಸ್‌ಮನ್‌ನಲ್ಲಿ 8 ಓಮ್‌ನ ನಾಲ್ಕು ಸ್ಪೀಕರುಗಳು ಸಮಾಂತರವಾಗಿದ್ದು ಒಟ್ಟು 2 ಓಮ್ ಆಗುತ್ತವೆ. ಫೀಡ್‌ಬ್ಯಾಕ್ ಆ 2 ಓಮ್ ತುದಿಯಿಂದ ಹೊರಡುತ್ತದೆ. ಜೆಟಿಎಂ45ರಲ್ಲಿ ಸಾಮಾನ್ಯವಾಗಿ ಅದು ಟ್ರಾನ್ಸ್‌ಫಾರ್ಮರಿನ 16 ಓಮ್ ತುದಿಯಿಂದ ಹೊರಡುತ್ತದೆ. ಶಕ್ತಿ ಒಂದೇ ಇದ್ದಾಗ ವೋಲ್ಟೇಜು ಓಮ್‌ಗಳ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. 16ನ್ನು 2ರಿಂದ ಭಾಗಿಸಿದರೆ 8. 8ರ ವರ್ಗಮೂಲ ಸುಮಾರು 2.8. ಅಂದರೆ ಅದೇ ಬೆಲೆಯ ರೋಧಕಕ್ಕೆ ಮಾರ್ಷಲ್‌ನಲ್ಲಿ ಸುಮಾರು 2.8 ಪಟ್ಟು ಹೆಚ್ಚು ವೋಲ್ಟೇಜು ತಲುಪುತ್ತದೆ. ಅಕ್ಷರ ತಪ್ಪದೆ ನಕಲಾದ ಪದವೊಂದು ಬೇರೆ ಸಂದರ್ಭದಲ್ಲಿ ಬೇರೆ ಅರ್ಥ ಕೊಟ್ಟಂತೆ ಇದು. ಬೆಲೆಗಳ ಪಟ್ಟಿಯನ್ನಷ್ಟೇ ಹೋಲಿಸಿದವರು ಎರಡೂ ಒಂದೇ ಎನ್ನುತ್ತಾರೆ. ತಂತಿ ಯಾವ ತುದಿಗೆ ಹೋಗಿದೆ ಎಂದು ನೋಡಿದವರಿಗೆ ಮಾತ್ರ ಭೇದ ತಿಳಿಯುತ್ತದೆ.

ಮುಖ ಮತ್ತು ಒಡಲು: 1965ರಿಂದ 1968

ಫೆಂಡರ್ ಸಂಸ್ಥೆಯನ್ನು 1965ರ ಜನವರಿಯಲ್ಲಿ ಸಿಬಿಎಸ್ ಸಂಸ್ಥೆ 1 ಕೋಟಿ 30 ಲಕ್ಷ ಡಾಲರುಗಳಿಗೆ ಕೊಂಡಿತು. ಅಂದಿನಿಂದಲೇ ಯಂತ್ರಗಳ ಗುಣ ಕುಸಿಯಿತೆಂಬ ನಂಬಿಕೆ ಸಂಗ್ರಾಹಕರಲ್ಲಿ ಬಲವಾಗಿದೆ. ಆದುದರಿಂದ ಮಾರುಕಟ್ಟೆಯಲ್ಲಿ ‘ಕಪ್ಪುಮುಖ’ದ ಯಂತ್ರಕ್ಕೆ ಒಂದು ಬೆಲೆ, 1967ರ ನಂತರದ ‘ಬೆಳ್ಳಿಮುಖ’ದ ಯಂತ್ರಕ್ಕೆ ಮತ್ತೊಂದು ಬೆಲೆ. ರಚನೆಯ ಸಾಕ್ಷ್ಯ ಈ ಸರಳ ವಿಭಜನೆಯನ್ನು ಒಪ್ಪುವುದಿಲ್ಲ.

ಈ ಕಾಲದ ಮಂಡಲಗಳ ಸಂಕೇತಗಳು ಎಬಿ763, ಎಬಿ165, ಎಸಿ568 ಎಂಬ ರೀತಿಯವು. ಕೊನೆಯ ಎರಡು ಅಂಕಿಗಳು ವರ್ಷವನ್ನೂ ಅವುಗಳ ಹಿಂದಿನ ಅಂಕಿ ತಿಂಗಳನ್ನೂ ಹೇಳುತ್ತವೆ. ಎಬಿ763 ಎಂದರೆ 1963ರ ಜುಲೈ, ಎಸಿ568 ಎಂದರೆ 1968ರ ಮೇ. ಟ್ವಿನ್ ರಿವರ್ಬ್ ಮಾದರಿಯನ್ನೇ ನೋಡುವುದಾದರೆ, ಸಂಸ್ಥೆಯ ಒಡೆತನ ಬದಲಾದ ಮೇಲೂ ಎಬಿ763 ಮಂಡಲವೇ ಮುಂದುವರಿಯಿತು. ಮುಂಭಾಗದ ಫಲಕದ ಮೇಲೆ ‘ಫೆಂಡರ್ ಎಲೆಕ್ಟ್ರಿಕ್ ಇನ್‌ಸ್ಟ್ರುಮೆಂಟ್’ ಎಂದಿದ್ದುದು 1965ರಲ್ಲಿ ‘ಫೆಂಡರ್ ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ಸ್’ ಎಂದಾಯಿತು. 1967ರಲ್ಲಿ ಫಲಕ ಬೆಳ್ಳಿಬಣ್ಣ ತಾಳಿತು. ಸ್ಪೀಕರಿನ ಬಟ್ಟೆಯ ಅಂಚಿಗೆ ಅಲ್ಯುಮಿನಿಯಮ್ ಪಟ್ಟಿ ಬಂದಿತು. ಮೊದಲ ಬೆಳ್ಳಿಮುಖದ ಯಂತ್ರಗಳ ಒಳಗೆ ಮಾತ್ರ ಎಬಿ763 ಮಂಡಲವೇ ಇತ್ತು. ಶಕ್ತಿವಾಲ್ವ್‌ಗಳ ಬಯಾಸ್ ವ್ಯವಸ್ಥೆಯಲ್ಲಿ ಮುಖ್ಯವಾದ ಬದಲಾವಣೆ ಕಾಣುವುದು 1968ರ ಎಸಿ568ರಲ್ಲಿ. ಇಲ್ಲಿ ಮೂರು ಗಡಿಗಳಿವೆ: ಒಡೆತನದ್ದು 1965, ಬಣ್ಣದ್ದು 1967, ಮಂಡಲದ್ದು 1968. ಈ ಮೂರನ್ನು ಒಂದೇ ಗೆರೆಯಾಗಿ ಎಳೆಯುವುದು ಚರಿತ್ರೆಯ ದೃಷ್ಟಿಯಿಂದ ಸರಿಯಲ್ಲ.

ಒಳಗಿನ ಕೆಪಾಸಿಟರುಗಳೂ ಇಲ್ಲಿ ನೆರವಾಗುತ್ತವೆ. 1950ರ ದಶಕದ ಯಂತ್ರಗಳಲ್ಲಿ ಹಳದಿ ಬಣ್ಣದ ಆಸ್ಟ್ರಾನ್, 1960ರ ದಶಕದಲ್ಲಿ ನೀಲಿ ಅಚ್ಚಿನವು, ದಶಕದ ಕೊನೆಗೆ ಕಂದು ಬಣ್ಣದವು ಸಾಮಾನ್ಯ. ಆದರೆ ದಾಸ್ತಾನು ಮುಗಿಯುವವರೆಗೂ ಹಳೆಯದು ಬಳಕೆಯಾಗುವುದರಿಂದ ಬಣ್ಣಗಳ ನಡುವಿನ ಗಡಿ ಮಸುಕಾಗಿಯೇ ಇರುತ್ತದೆ.

ಮಾರ್ಷಲ್: 1966ರಿಂದ 1974

ಮಾರ್ಷಲ್ ಯಂತ್ರಗಳಲ್ಲಿ ಹೆಸರುಫಲಕದ ದೌರ್ಬಲ್ಯ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. 1966ರ ಸುಮಾರಿಗೆ ಕೆಟಿ66ರ ಬದಲು ಇಎಲ್34 ಶಕ್ತಿವಾಲ್ವ್ ಬಂದಿತು. ಈ ಸಂಕ್ರಮಣದ ಹೊತ್ತಿನಲ್ಲಿ ಜೆಟಿಎಂ ಹೆಸರಿನ ಫಲಕವನ್ನೇ ಹೊತ್ತ, ಒಳಗೆ ಇಎಲ್34 ಇರುವ 50 ವ್ಯಾಟ್ ಯಂತ್ರಗಳು ಕಾರ್ಖಾನೆಯಿಂದಲೇ ಹೊರಟಿವೆ. ಇಂತಹವನ್ನು ಕಂಡ ಕೂಡಲೇ ಯಾರೋ ತಿದ್ದಿದ್ದಾರೆಂದು ತೀರ್ಮಾನಿಸಬಾರದು. ಫಲಕ ಹಿಂದಿನದು, ಒಡಲು ಮುಂದಿನದು, ಎರಡೂ ಮೂಲದವೇ.

1960ರ ದಶಕದ ಕೊನೆಯ ವೇಳೆಗೆ ಲೀಡ್ ಗಿಟಾರ್ ಮಾದರಿಗಳ ಮಂಡಲ ಬಾಸ್‌ಮನ್ ಪಾಠದಿಂದ ದೂರ ಸರಿಯಿತು. ಮೊದಲ ವಾಲ್ವ್‌ನ ಎರಡು ಭಾಗಗಳ ಸಾಮಾನ್ಯ ಕ್ಯಾಥೋಡ್ ಬೇರ್ಪಟ್ಟಿತು. ಒಂದು ಭಾಗ 820 ಓಮ್ ರೋಧಕವನ್ನು ಉಳಿಸಿಕೊಂಡಿತು, ಮತ್ತೊಂದಕ್ಕೆ 2.7 ಕಿಲೋ-ಓಮ್ ರೋಧಕ ಮತ್ತು 0.68 ಮೈಕ್ರೋಫ್ಯಾರಡ್ ಕೆಪಾಸಿಟರ್ ಬಂದವು. ಕೆಪಾಸಿಟರ್ ಚಿಕ್ಕದಾದುದರಿಂದ ಆ ದಾರಿಯಲ್ಲಿ ಮಂದ್ರನಾದ ತಗ್ಗಿ ಧ್ವನಿ ಮೊನಚಾಯಿತು. ನಾದನಿಯಂತ್ರಣದ 56 ಕಿಲೋ-ಓಮ್ ರೋಧಕ 33ಕ್ಕೆ ಇಳಿಯಿತು. 250 ಪಿಕೋಫ್ಯಾರಡ್ ಕೆಪಾಸಿಟರ್ 500ಕ್ಕೆ ಏರಿತು. ಹಲಗೆಯ ಒಂದು ತುದಿಯಲ್ಲಿರುವ ಈ ನಾಲ್ಕೈದು ಭಾಗಗಳನ್ನು ಓದಿದರೆ ಯಂತ್ರವು ಬಾಸ್‌ಮನ್ ಪರಂಪರೆಗೆ ಎಷ್ಟು ಹತ್ತಿರ, ಎಷ್ಟು ದೂರ ಎಂಬುದು ತಿಳಿಯುತ್ತದೆ. ಮುಂಭಾಗದ ಪ್ಲೆಕ್ಸಿಗ್ಲಾಸ್ ಫಲಕದ ಬದಲು ಲೋಹದ ಫಲಕ ಬಂದದ್ದು 1969ರಲ್ಲಿ. ಆದರೆ ಮಂಡಲದ ಈ ಬದಲಾವಣೆಗಳು ಆ ಹೊತ್ತಿಗಾಗಲೇ ಆರಂಭವಾಗಿದ್ದವು. ‘ಪ್ಲೆಕ್ಸಿ’ ಎಂಬ ಜನಪ್ರಿಯ ಹೆಸರು ಫಲಕವನ್ನು ಗುರುತಿಸುತ್ತದೆ, ಮಂಡಲವನ್ನಲ್ಲ.

ಕ್ರಮಸಂಖ್ಯೆಯಲ್ಲಿ ವರ್ಷವನ್ನು ಸೂಚಿಸುವ ಅಕ್ಷರವನ್ನು ಸೇರಿಸುವ ಪದ್ಧತಿ ಮಾರ್ಷಲ್‌ನಲ್ಲಿ 1969ರ ನಡುವಿನಿಂದ ಆರಂಭವಾಯಿತು. 1973–74ರ ಸುಮಾರಿಗೆ ಕೈಯಿಂದ ಬೆಸೆದ ಹಲಗೆಯ ಸ್ಥಾನವನ್ನು ಮುದ್ರಿತ ಮಂಡಲದ ಫಲಕ ಪಡೆಯಿತು. ಹಿಂದಿನ ಯಂತ್ರಗಳಲ್ಲಿ ತಂತಿಗಳ ಹಾದಿ ಕೈಯಿಂದ ಕೈಗೆ ಭಿನ್ನವಾಗಿತ್ತು. ಈ ಬದಲಾವಣೆಯೊಂದಿಗೆ ಆ ಭಿನ್ನತೆ ಬಹುಮಟ್ಟಿಗೆ ಕೊನೆಗೊಂಡಿತು.

ಕೈಗುರುತುಗಳು ಮತ್ತು ದುರಸ್ತಿಯ ಸಮಸ್ಯೆ

1950 ಮತ್ತು 60ರ ದಶಕಗಳ ಹಲವು ಫೆಂಡರ್ ಚಾಸಿಗಳ ಒಳಗೆ ಸಣ್ಣ ಕಾಗದದ ಅಂಟುಪಟ್ಟಿಯೊಂದು ಸಿಗುತ್ತದೆ. ಅದರ ಮೇಲೆ ತಂತಿ ಜೋಡಿಸಿದ ಕೆಲಸಗಾರ್ತಿಯ ಹೆಸರು ಬರೆದಿರುತ್ತದೆ. ಈ ಕೆಲಸಗಾರ್ತಿಯರಲ್ಲಿ ಹಲವರು ಮೆಕ್ಸಿಕನ್ ಮೂಲದ ಹೆಂಗಸರು. ಸಂಸ್ಥೆಯ ಚರಿತ್ರೆಗಳಲ್ಲಿ ಅವರಿಗೆ ಸಿಕ್ಕಿರುವ ಸ್ಥಳ ಕಡಿಮೆ. ಸೋಮನಾಥಪುರದ ಮೂರ್ತಿಗಳ ಪೀಠದಲ್ಲಿ ಮಲ್ಲಿತಮ್ಮನ ಹೆಸರು ಇರದಿದ್ದರೆ ಆ ದೇವಾಲಯವನ್ನು ಕಟ್ಟಿಸಿದವನನ್ನಷ್ಟೇ ನಾವು ಅರಿಯುತ್ತಿದ್ದೆವು. ಈ ಅಂಟುಪಟ್ಟಿಯ ಮೌಲ್ಯವೂ ಅಂತಹುದೇ. ಜೆಟಿಎಂ45ರ ವಿಷಯದಲ್ಲಿಯೂ ಫಲಕದ ಮೇಲಿರುವುದು ಮಾರ್ಷಲ್ ಹೆಸರು. ಒಳಗಿರುವುದು ಬ್ರಾನ್ ಮತ್ತು ಕ್ರೇವನ್ ಅವರ ಕೈಕೆಲಸ, ಅದರ ಹಿಂದೆ ಫುಲರ್ಟನ್ನಿನ ಮಂಡಲ. ರಚನೆಯನ್ನು ಓದುವುದರಿಂದ ಕಾಲದ ಜೊತೆಗೆ ಕರ್ತೃತ್ವವೂ ತಿಳಿಯುತ್ತದೆ.

ಈ ಸಾಕ್ಷ್ಯಗಳು ನಾಶವಾಗುವುದು ಬಹುಪಾಲು ಸದುದ್ದೇಶದ ದುರಸ್ತಿಯಿಂದ. ವಿದ್ಯುತ್ ಶೋಧಿಸುವ ದೊಡ್ಡ ಕೆಪಾಸಿಟರುಗಳ ಒಳಗಿನ ರಾಸಾಯನಿಕ ದ್ರವ ಕಾಲಾನಂತರದಲ್ಲಿ ಒಣಗುತ್ತದೆ. ಅವನ್ನು ಬದಲಿಸದೆ ಯಂತ್ರವನ್ನು ನಡೆಸಿದರೆ ಟ್ರಾನ್ಸ್‌ಫಾರ್ಮರ್ ಸುಡುವ ಭಯವಿದೆ. ಹಳೆಯ ಅಮೆರಿಕನ್ ಯಂತ್ರಗಳ ಎರಡು ತಂತಿಯ ವಿದ್ಯುತ್ ಕೇಬಲ್ಲಿಗೆ ಭೂಸಂಪರ್ಕವಿಲ್ಲದೆ ವಾದಕನಿಗೆ ಅಪಾಯವಿದೆ. ಇವನ್ನು ಬದಲಿಸಲೇಬೇಕು. ಆದರೆ ಇದೇ ನೆಪದಲ್ಲಿ ಕೆಲಸ ಮಾಡುತ್ತಿರುವ ರೋಧಕಗಳನ್ನೂ ಇತರ ಕೆಪಾಸಿಟರುಗಳನ್ನೂ ಕಿತ್ತು ಹೊಸದನ್ನು ಹಾಕುವ ಪದ್ಧತಿಯಿದೆ. ತದ್ವಿರುದ್ಧವಾಗಿ, ಹಳೆಯ ಅಂಕಿಗಳುಳ್ಳ ಬಿಡಿಭಾಗಗಳನ್ನು ಬೇರೆ ಯಂತ್ರಗಳಿಂದ ಕಿತ್ತು ತಂದು ‘ಮೂಲ’ವನ್ನು ಸೃಷ್ಟಿಸುವ ಪದ್ಧತಿಯೂ ಇದೆ. ಮೊದಲನೆಯದು ಪ್ರತಿಯನ್ನು ಅಳಿಸಿ ಬರೆದಂತೆ. ಎರಡನೆಯದು ಕೂಟಶಾಸನ ಕೆತ್ತಿದಂತೆ. ಎರಡನೆಯದಕ್ಕೆ ಎರಡು ಯಂತ್ರಗಳು ಬಲಿಯಾಗುತ್ತವೆ.

ವಸ್ತುಸಂಗ್ರಹಾಲಯಗಳೂ ಸಂಗ್ರಾಹಕರೂ ಅನುಸರಿಸಬಹುದಾದ ಕ್ರಮ ಕಷ್ಟದ್ದಲ್ಲ. ಚಾಸಿಯ ಒಳಭಾಗವನ್ನು ದುರಸ್ತಿಗೆ ಮುನ್ನ ಛಾಯಾಚಿತ್ರದಲ್ಲಿ ದಾಖಲಿಸಬೇಕು. ಎಲ್ಲ ಅಂಕಿಗಳನ್ನೂ ಬರೆದಿಡಬೇಕು. ತೆಗೆದ ಭಾಗಗಳನ್ನು ಚೀಟಿ ಸಹಿತ ಯಂತ್ರದ ಜೊತೆಗೇ ಇಡಬೇಕು. ಬದಲಿಸಿದ ದಿನಾಂಕವನ್ನೂ ಕಾರಣವನ್ನೂ ನಮೂದಿಸಬೇಕು. ಯಂತ್ರವನ್ನು ನಿಲ್ಲಿಸಿದ ಮೇಲೂ ಅದರ ಕೆಪಾಸಿಟರುಗಳಲ್ಲಿ ಪ್ರಾಣಾಪಾಯದಷ್ಟು ವಿದ್ಯುತ್ ಉಳಿದಿರಬಹುದಾದುದರಿಂದ ಈ ಕೆಲಸ ತಿಳಿದವರ ಕೈಯಿಂದಲೇ ಆಗಬೇಕು.

ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮಾದರಿಯ ಹೆಸರು, ಮಂಡಲದ ಪಾಠ ಮತ್ತು ಕೈಯಲ್ಲಿರುವ ಪ್ರತಿ ಇವು ಮೂರು ಬೇರೆ ಸಂಗತಿಗಳು. ಬಿಡಿಭಾಗದ ಅಂಕಿಯು ಹಿಂದಿನ ಮಿತಿಯೊಂದನ್ನು ಕೊಡುತ್ತದೆ, ಯಂತ್ರದ ಜನ್ಮದಿನವನ್ನಲ್ಲ. ಒಂದೇ ಬೆಲೆಯ ಬಿಡಿಭಾಗ ಎರಡು ಯಂತ್ರಗಳಲ್ಲಿ ಎರಡು ಬಗೆಯ ಕೆಲಸ ಮಾಡಬಲ್ಲದು. ಫಲಕ, ಬಣ್ಣ ಮತ್ತು ಒಡೆತನಗಳ ಗಡಿಗಳು ಮಂಡಲದ ಗಡಿಗಳೊಂದಿಗೆ ಹೊಂದುವುದಿಲ್ಲ. ಸಾಕ್ಷ್ಯಗಳು ಪರಸ್ಪರ ವಿರುದ್ಧವಾದಾಗ ಸುಲಭವಾಗಿ ಬದಲಿಸಬಹುದಾದುದನ್ನು ಬಿಟ್ಟು, ಬದಲಿಸಲು ಕಷ್ಟವಾದುದನ್ನು ಹಿಡಿಯಬೇಕು.

ಇಪ್ಪತ್ತನೆಯ ಶತಮಾನದ ಸಂಗೀತದ ನಾದವನ್ನು ರೂಪಿಸಿದ ಈ ಯಂತ್ರಗಳ ವಿನ್ಯಾಸಕಾರರೂ ಕೆಲಸಗಾರರೂ ತಮ್ಮ ನಿರ್ಧಾರಗಳನ್ನು ಹೆಚ್ಚಾಗಿ ಕಾಗದದ ಮೇಲೆ ಬಿಟ್ಟುಹೋಗಿಲ್ಲ. ನಾರುಹಲಗೆ ಮತ್ತು ಬೆಸುಗೆಯಲ್ಲಿ ಬಿಟ್ಟುಹೋಗಿದ್ದಾರೆ. ಕಾಲ ಕಳೆದಂತೆ ದುರಸ್ತಿಯಾಗದೆ ಉಳಿದ ಪ್ರತಿಗಳ ಸಂಖ್ಯೆ ಕಡಿಮೆಯಾಗುತ್ತಲೇ ಹೋಗುತ್ತದೆ. ಅವು ಇರುವಾಗಲೇ ಅವುಗಳ ಒಳಭಾಗದ ವರ್ಣನಾತ್ಮಕ ಸೂಚಿಗಳನ್ನು ಸಿದ್ಧಪಡಿಸುವುದು ಈ ಕ್ಷೇತ್ರದಲ್ಲಿ ಮೊದಲು ಆಗಬೇಕಾದ ಕೆಲಸವಾಗಿದೆ.